ಅಂಟದ ಆಯಿಲ್ ಯಾವುದಿದೆ ಸ್ವಾಮಿ?

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಹೋದ ಭಾನುವಾರ ನಿಮ್ಮ ವಾಹನ ಪುಟದಲ್ಲಿ ಬಂದ ಎಂಜಿನ್ ಆಯಿಲ್ ಲೇಖನ ಸೋಮವಾರ ಬೆಳಿಗ್ಗೆ ಹತ್ತಕ್ಕೆಲ್ಲ ನಾಲ್ಕು ಮಡಿಕೆಯಾಗಿ ನನ್ನ ಮೇಜಿನ ಮೇಲಿತ್ತು. ತಂದವರು ಆಲೂರು ಕಡೆಯ ಕಾಫಿ ಬೆಳೆಗಾರರು. ಅವರ ಪಿಕಪ್ಪಿನ ಎಂಜಿನ್ ಬ್ಲಾಕು ಬೋರಿಂಗಿಗೆ, ಅಂದರೆ ಸವೆದ ಸಿಲಿಂಡರನ್ನು ಕೊರೆದು ಸರಿ ಮಾಡಿಸಲು ಅಂತ, ನಮ್ಮಲ್ಲಿಗೆ ಬಂದು ಎರಡು ದಿನವಾಗಿತ್ತು. 'ಗಾಡಿ ಬಂದ್ ಮಾಡಿದ ಮೇಲೂ ಎಂಜಿನ್ ಭಾಗಗಳಿಗೆ ಅಂಟಿಕೊಂಡೇ ಇರುವ ಆಯಿಲ್' ಎಂಬ ಸಾಲಿನ ಕೆಳಗೆ ಬಾಲ್‌ಪೆನ್ನಿನಲ್ಲಿ ಗೀಟು ಎಳೆದಿದ್ದರು. "ಇದನ್ನ ಮೊದಲೇ ಹಾಕ್ಸಿದ್ರೆ ನಿಮ್ಮ ಮುಖ ನೋಡೋದು ತಪ್ತಿತ್ತೇನ್ರಿ ಮೇಸ್ತ್ರಿ?" ಅಂದರು. ನಗುತ್ತಲೇ ಅಂದದ್ದು. ಆದರೆ ಬಿಲ್ಲು ಎಷ್ಟಾಗುತ್ತೆ ಅಂತ ಆಗಲೇ ಕೇಳಿಕೊಂಡಿದ್ದರು, ಹಾಗಾಗಿ ಪೂರ್ತಿ ನಗೆಯೂ ಅಲ್ಲ.

ನಾನು ಹಾಸನದಲ್ಲಿ 31 ವರ್ಷದಿಂದ ಬೋರಿಂಗ್, ಹೋನಿಂಗ್, ಕ್ರ್ಯಾಂಕ್ (ಪಿಸ್ಟನ್ನಿನ ಏರಿಳಿತವನ್ನು ತಿರುಗಾಟ ಮಾಡುವ ದಂಡ) ಗ್ರೈಂಡಿಂಗ್ ಮಾಡಿಕೊಂಡಿರುವವನು. ಎಂಜಿನ್ ಸವೆದರೇನೇ ನನ್ನ ಮನೆಯಲ್ಲಿ ಒಲೆ ಉರಿಯುವುದು. ಇಂಥವನು ಸವೆತದ ವಿಷಯ ಬರೆದರೆ ಓದುಗರು ಅನುಮಾನ ಪಡಬಹುದು, ಪಡಲಿ. ಆಲೂರಿನವರಿಗೆ ನಿಂತ ಕಾಲಲ್ಲಿ ಉತ್ತರ ಕೊಡಲು ಆಗಲಿಲ್ಲ, ಅದಕ್ಕೇ ಈ ಪತ್ರ.

ಮೊದಲು ನನ್ನ ಕಸುಬಿನದೇ ಒಂದು ಮಾತು. ಬೋರ್ ಮಾಡಿದ ಮೇಲೆ ಹೋನಿಂಗ್ ಅಂತ ಒಂದು ಕೆಲಸ ಇದೆ. ಸಾಣೆಕಲ್ಲು ಕೂರಿಸಿದ ಹೆಡ್ಡನ್ನು ಲೈನರಿನೊಳಗೆ, ಅಂದರೆ ಪಿಸ್ಟನ್ನು ಓಡಾಡುವ ಕೊಳವೆಯೊಳಗೆ, ಇಳಿಸಿ, ತಿರುಗಿಸುತ್ತಲೇ ಮೇಲೆ ಕೆಳಗೆ ಆಡಿಸುತ್ತೇವೆ. ಮುಗಿದ ಮೇಲೆ ಟಾರ್ಚ್ ಬಿಟ್ಟು ನೋಡಿದರೆ ಗೋಡೆಯ ತುಂಬ ಸಣ್ಣ ಓರೆ ಗೆರೆಗಳು, ಒಂದರ ಮೇಲೊಂದು ಹಾಯ್ದು ಚಾಪೆ ಹೆಣೆದ ಹಾಗೆ ಕಾಣುತ್ತವೆ. ಹೊಸ ಗಿರಾಕಿಗಳು "ಯಾಕ್ರಿ ಹಿಂಗೆ ಗೀಚಿದೀರಿ, ಕನ್ನಡಿ ಥರ ಮಾಡಬಾರದಾ" ಅಂತಾರೆ. ಕನ್ನಡಿ ಥರ ಮಾಡಿದರೆ ಎಣ್ಣೆಗೆ ನಿಲ್ಲಲು ಜಾಗ ಇರುವುದಿಲ್ಲ, ಪಿಸ್ಟನ್ನಿನ ಸುತ್ತಲಿನ ರಿಂಗು ಸರಿಯಾಗಿ ಕೂರುವುದಿಲ್ಲ, ಗಾಡಿ ಆಯಿಲ್ ತಿನ್ನಲು ಶುರು ಮಾಡುತ್ತೆ. ಆ ಗೆರೆಗಳು ಇರುವುದೇ ಎಣ್ಣೆ ಹಿಡಿದುಕೊಳ್ಳಲಿ ಅಂತ. ಅಂದರೆ ಆಯಿಲ್ ಎಂಜಿನ್ನಿಗೆ ಅಂಟಿಕೊಳ್ಳಬೇಕು ಅನ್ನುವುದು ಯಾವ ಕಂಪನಿಯೂ ಈಗ ಕಂಡುಹಿಡಿದ ವಿಷಯವಲ್ಲ. ಅದಕ್ಕೆ ಅಂತಲೇ ನಾನು 31 ವರ್ಷದಿಂದ ಕೂಲಿ ತಗೋತಿದ್ದೇನೆ.

ಇನ್ನು 'ರಾತ್ರಿ ನಿಂತ ಎಂಜಿನ್ನಿನಲ್ಲಿ ಆಯಿಲ್ ಪೂರ್ತಿ ಕೆಳಗಿಳಿದು, ಬೆಳಿಗ್ಗೆ ಲೋಹಕ್ಕೆ ಲೋಹ ಉಜ್ಜುತ್ತದೆ' ಅನ್ನುವ ಮಾತು. ಆರೇಳು ವರ್ಷದ ಹಿಂದೆ ಸಕಲೇಶಪುರದ ಒಂದು ತೋಟದ ಶೆಡ್ಡಿನಲ್ಲಿ ನಾಲ್ಕು ಮಳೆಗಾಲ ಮಿಸುಕಾಡದೆ ನಿಂತಿದ್ದ ಹಳೇ ಡೀಸೆಲ್ ಜೀಪಿನ ಎಂಜಿನ್ ನಮ್ಮಲ್ಲಿಗೆ ಬಂತು. ಅದರಲ್ಲಿದ್ದದ್ದು ಅಂಗಡಿಯಲ್ಲಿ ಸಿಗುವ ಮಾಮೂಲಿ 20ಡಬ್ಲ್ಯೂ-40 ದರ್ಜೆಯ ಆಯಿಲ್. ಕೆಳಗಿನ ಸಂಪು (ಆಯಿಲ್ ನಿಲ್ಲುವ ತಟ್ಟೆ) ಬಿಚ್ಚಿ, ಪಿಸ್ಟನ್ನಿನ ರಾಡನ್ನು ಕ್ರ್ಯಾಂಕಿಗೆ ಹಿಡಿಸುವ ಬಿಗ್‌ಎಂಡ್ ಕ್ಯಾಪಿನ ಬೋಲ್ಟು ತೆಗೆದರೂ ಕ್ಯಾಪು ಬಿಡಲಿಲ್ಲ. ಸುತ್ತಿಗೆ ಹಿಡಿಯಿಂದ ಮೆಲ್ಲಗೆ ತಟ್ಟಿದಾಗ, ಒದ್ದೆ ನೆಲಕ್ಕೆ ಕಚ್ಚಿಕೊಂಡ ಚಪ್ಪಲಿ ಎತ್ತಿದ ಹಾಗೆ 'ಪಚ್' ಅಂತ ಬಂತು. ಒಳಗೆ ಬೇರಿಂಗ್ ಶೆಲ್ಲು, ಅಂದರೆ ಕ್ರ್ಯಾಂಕು ತಿರುಗುವ ಜಾಗದ ತೆಳು ಲೋಹದ ಪಟ್ಟಿ, ಹೊಳೀತಿತ್ತು. ಹೆಬ್ಬೆರಳಿನಿಂದ ಒರೆಸಿದರೆ ಬೆರಳಿಗೆ ಎಣ್ಣೆ. ನಾಲ್ಕು ವರ್ಷ ಆದ ಮೇಲೆ! ಮೇಲ್ಗಡೆ ಹೆಡ್ಡು ತೆಗೆದು ನೋಡಿದರೆ ಕಥೆ ಬೇರೆ. ಎರಡು ಲೈನರಿನಲ್ಲಿ ರಿಂಗು ನಿಂತಿದ್ದ ಜಾಗಕ್ಕೆ ಸರಿಯಾಗಿ ಕಂದು ಬಣ್ಣದ ತುಕ್ಕಿನ ಬಳೆ. ತೆರೆದಿದ್ದ ವಾಲ್ವಿನಿಂದ ಮಲೆನಾಡಿನ ಥಂಡಿ ಒಳಗೆ ಹೋಗಿ ಕೂತಿತ್ತು. ಆ ಎರಡನ್ನು ಬೋರ್ ಮಾಡಿದೆ, ಕ್ರ್ಯಾಂಕನ್ನು ಮುಟ್ಟಲಿಲ್ಲ, ಅಳತೆ ಸ್ಟ್ಯಾಂಡರ್ಡಿನಲ್ಲೇ ಇತ್ತು.

ಇದು ನನ್ನೊಬ್ಬನ ಅನುಭವ ಅಂತ ಬಿಡಬೇಡಿ. ನನ್ನ ಅಣ್ಣನ ಮಗ ಮೆಕ್ಯಾನಿಕಲ್ ಓದಿದವನು, ಅವನು ಅಮೆರಿಕದ ಒಂದು ಕೋರ್ಟು ತೀರ್ಪನ್ನು ಪ್ರಿಂಟ್ ಹಾಕಿಸಿ ತಂದು ಕೂತು ಅರ್ಥ ಹೇಳಿದ. ಕ್ವೇಕರ್ ಸ್ಟೇಟ್ ಅನ್ನುವ ಆಯಿಲ್ ಕಂಪನಿ 'ಸವೆತದ ಅರ್ಧದವರೆಗೆ ಗಾಡಿ ಸ್ಟಾರ್ಟ್ ಮಾಡುವಾಗಲೇ ಆಗಬಹುದು, ನಮ್ಮ ಆಯಿಲ್ ಬೇಗ ಮೇಲೆ ಹರಿಯುತ್ತೆ, ಹಾಗಾಗಿ ಹೆಚ್ಚು ಕಾಪಾಡುತ್ತೆ' ಅಂತ ಟಿವಿಯಲ್ಲಿ ಜಾಹೀರಾತು ಕೊಟ್ಟಿತ್ತಂತೆ. ಅದರ ಮೇಲೆ ಕ್ಯಾಸ್ಟ್ರಾಲ್ ದಾವೆ ಹೂಡಿತು. ಕ್ಯಾಸ್ಟ್ರಾಲಿನ ವಾದ ಏನು ಗೊತ್ತೆ? ಹಿಂದಿನ ಸಲ ಓಡಿಸಿದಾಗ ಭಾಗಗಳ ಮೇಲೆ ಉಳಿದ ಎಣ್ಣೆಯೇ ಸ್ಟಾರ್ಟಿಂಗ್ ಹೊತ್ತಿನಲ್ಲಿ ಕಾಪಾಡುತ್ತೆ, ಹೊಸ ಎಣ್ಣೆ ಒಂದೆರಡು ಕ್ಷಣ ಬೇಗ ಬಂದರೆ ಲಾಭ ಇಲ್ಲ ಅಂತ. ಟೆಸ್ಟಿನಲ್ಲೂ ಎಣ್ಣೆ ಬೇಗ ತಲುಪಿದ್ದು ನಿಜ, ಬೇರಿಂಗ್ ಸವೆತದಲ್ಲಿ ಮಾತ್ರ ವ್ಯತ್ಯಾಸ ಕಾಣಲಿಲ್ಲ. ಕೋರ್ಟು ಆ ವಾದ ಒಪ್ಪಿ ಜಾಹೀರಾತಿಗೆ ತಡೆ ಕೊಟ್ಟಿತು, 1992ರಲ್ಲಿ ಮೇಲ್ಮನವಿ ಕೋರ್ಟೂ ಎತ್ತಿಹಿಡಿಯಿತು. ಎಲ್ಲ ಆಯಿಲೂ ಅಂಟಿಕೊಂಡೇ ಇರುತ್ತೆ ಅಂತ ಕೋರ್ಟಿನಲ್ಲಿ ಗೆದ್ದ ಅದೇ ಕ್ಯಾಸ್ಟ್ರಾಲ್, ಮುಂದೆ ಮ್ಯಾಗ್ನಾಟೆಕ್ ಅಂತ ತಂದು, ಅದರ ಕಣಗಳು ಅಯಸ್ಕಾಂತದ ಹಾಗೆ ಅಂಟುತ್ತವೆ ಅಂತ ಮಾರಿತು. ಇದನ್ನು ಓದಿ ನಾನೂ ಹುಡುಗನೂ ಒಂದು ಸುತ್ತು ನಕ್ಕೆವು.

ಇನ್ನೊಂದು, ಸ್ಲಿಕ್ 50 ಅಂತ ಟೆಫ್ಲಾನ್ ಜಾತಿಯ ಪುಡಿ ಬೆರೆಸಿದ ಬಾಟ್ಲಿ ದ್ರಾವಣ. ಅದಿಲ್ಲದೆ ತಣ್ಣಗಿನ ಗಾಡಿ ಸ್ಟಾರ್ಟ್ ಮಾಡಿದರೆ ಲೋಹಕ್ಕೆ ಲೋಹ ಅರೆಯುತ್ತೆ ಅಂತ ಜಾಹೀರಾತಿತ್ತು. 1996ರಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಆ ಕಂಪನಿಯ ಮೇಲೆ ದೂರು ಹಾಕಿತು. ಗಾಡಿಯ ಪುಸ್ತಕದಲ್ಲಿ ಹೇಳಿದ ಆಯಿಲ್ ಹಾಕಿದ್ದರೆ ಬಹುತೇಕ ಎಂಜಿನ್ನುಗಳಿಗೆ ಸ್ಟಾರ್ಟಿಂಗಿನಲ್ಲಿ ಸಾಕಷ್ಟು ರಕ್ಷಣೆ ಇದ್ದೇ ಇರುತ್ತೆ ಅನ್ನುವುದು ಕಮಿಷನ್ನಿನ ಮಾತು.

ಹಾಗಂತ ಅಂಟುವ ಆಯಿಲ್ ಬರೀ ಬೂಟಾಟಿಕೆ ಅಂತ ನಾನು ಹೇಳುತ್ತಿಲ್ಲ. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳನ್ನು ಒಂದೇ ಹೆಸರಲ್ಲಿ ಮಾರುತ್ತಾರೆ, ನಿಮ್ಮ ಲೇಖಕರೂ ಅದರಲ್ಲೇ ಜಾರಿದ್ದಾರೆ.

ಒಂದು ಬರೀ ಜಿಗುಟು. ಸ್ಪೇರ್ ಪಾರ್ಟ್ಸ್ ಅಂಗಡಿಯ ಕೌಂಟರಿನಲ್ಲಿ ಆ ಆಟಿಕೆಯನ್ನು ನೀವೂ ನೋಡಿರಬಹುದು. ಎರಡು ಪಾರದರ್ಶಕ ಪ್ಲಾಸ್ಟಿಕ್ ಡಬ್ಬಿ, ಒಂದೊಂದರಲ್ಲೂ ಒಂದರ ಮೇಲೊಂದು ಹಲ್ಲುಚಕ್ರ, ಪಕ್ಕದಲ್ಲಿ ಕೈಹಿಡಿ. ತಿರುಗಿಸಿದರೆ ಒಂದರಲ್ಲಿ ಎಣ್ಣೆ ಕೆಳಗಿನ ಎರಡು ಚಕ್ರದಲ್ಲೇ ಉಳಿಯುತ್ತೆ. ಇನ್ನೊಂದರಲ್ಲಿ ದಾರ ದಾರವಾಗಿ ಎಳೆದುಕೊಂಡು ತುದಿಯ ಚಕ್ರದವರೆಗೂ ಏರುತ್ತೆ. ನೋಡಲು ಬಲು ಚೆಂದ. ಎಲ್ಲರೂ ಒಂದೊಂದು ಸಲ ತಿರುಗಿಸಿ "ಅಬ್ಬಾ" ಅಂತಾರೆ, ನಾನೂ ತಿರುಗಿಸಿದ್ದೇನೆ. ಆದರೆ ಜೋನಿಬೆಲ್ಲದಲ್ಲಿ ಬೆರಳು ಅದ್ದಿದರೂ ಹಾಗೇ ದಾರ ಬರುತ್ತೆ, ಹಲಸಿನ ಮೇಣ ಇನ್ನೂ ಚೆನ್ನಾಗಿ ಅಂಟುತ್ತೆ, ಅದನ್ನು ಎಂಜಿನ್ನಿಗೆ ಹಾಕುತ್ತೇವಾ? ಡಬ್ಬಿಯಲ್ಲಿ ಪಂಪಿಲ್ಲ, ಫಿಲ್ಟರಿಲ್ಲ, ಕ್ರ್ಯಾಂಕಿನೊಳಗಿನ ಸಣ್ಣ ತೂತುಗಳಿಲ್ಲ, ಬಿಸಿ ಇಲ್ಲ. ಚಕ್ರ ಸುತ್ತಿ ಸುತ್ತಿ ಎಣ್ಣೆಯೊಳಗೆ ಗಾಳಿಗುಳ್ಳೆ ಸೇರುವುದನ್ನು ಮಾತ್ರ ಯಾರೂ ತೋರಿಸುವುದಿಲ್ಲ. ನೊರೆ ಬಂದ ಎಣ್ಣೆ ಭಾರ ಹೊರುವುದಿಲ್ಲ. ಜಿಗುಟು ಬೇಕಾದದ್ದು ಬೈಕಿನ ಚೈನಿಗೆ, ಟ್ರೇಲರಿನ ಗ್ರೀಸಿಗೆ.

ಇನ್ನೊಂದು ನಿಜವಾದ ರಸಾಯನ. ಎಸ್ಟರ್ ಅನ್ನುವ ವಸ್ತುಗಳ ಕಣಕ್ಕೆ ಒಂದು ತುದಿ ಲೋಹವನ್ನು ಹಿಡಿಯುವಂಥದ್ದು. ಹೀಗೆ ಹಿಡಿಯುವ ಉದ್ದ ಬಾಲದ ಕಣಗಳು ಗದ್ದೆಯಲ್ಲಿ ನಾಟಿ ಹಾಕಿದ ಪೈರಿನ ಹಾಗೆ ಲೋಹದ ಮೇಲೆ ಸಾಲಾಗಿ ನಿಲ್ಲುತ್ತವೆ ಅಂತ ಹುಡುಗ ಚಿತ್ರ ಬರೆದು ತೋರಿಸಿದ. ಬರೀ ಕಣ್ಣಿಗಲ್ಲ, ಯಾವ ಮೈಕ್ರೋಮೀಟರಿಗೂ ಸಿಗದಷ್ಟು ತೆಳು. ಇದೂ ಹೊಸತಲ್ಲ. ಹರಳೆಣ್ಣೆಯೇ ಇಂಥ ಎಣ್ಣೆ. ನಮ್ಮ ತಾತ ಹರಳೆಣ್ಣೆಗೆ ಹುಲ್ಲು ಸುಟ್ಟ ಕರಿ ಕಲಸಿ ಕೀಲೆಣ್ಣೆ ಮಾಡಿ, ಬಿದಿರಿನ ಗೊಟ್ಟದಲ್ಲಿ ತುಂಬಿ ಗಾಡಿಯ ಕೆಳಗೆ ನೇತುಹಾಕುತ್ತಿದ್ದರು. ಅರಸೀಕೆರೆ ಸಂತೆಗೆ ಹೋಗಿ ಬರುವಷ್ಟಕ್ಕೆ ಒಂದು ಸಲ ಸವರಿದರೆ ಸಾಕಾಗುತ್ತಿತ್ತು. 1909ರಲ್ಲಿ ವೇಕ್‌ಫೀಲ್ಡ್ ಅನ್ನುವವರ ಇಂಗ್ಲಿಷ್ ಕಂಪನಿ ಎಂಜಿನ್ ಆಯಿಲಿಗೆ ಹರಳೆಣ್ಣೆ ಬೆರೆಸಿತು. ಹರಳೆಣ್ಣೆಗೆ ಇಂಗ್ಲಿಷಿನಲ್ಲಿ ಕ್ಯಾಸ್ಟರ್ ಆಯಿಲ್, ಕ್ಯಾಸ್ಟ್ರಾಲ್ ಅನ್ನುವ ಹೆಸರು ಹುಟ್ಟಿದ್ದೇ ಅದರಿಂದ. ಮೊದಲ ಮಹಾಯುದ್ಧದ ವಿಮಾನಗಳೂ ಹರಳೆಣ್ಣೆ ಕುಡಿದೇ ಹಾರಿದವು. ಬಿಸಿಗೆ ಅಂಟಂಟಾಗಿ ಕರೆಗಟ್ಟುತ್ತೆ ಅನ್ನುವುದು ಅದರ ದೋಷ.

ಹಾಗಾದರೆ ಆ ಪೈರಿನಂಥ ಪದರ ಎಂಜಿನ್ನಿನಲ್ಲಿ ಎಲ್ಲಿ ಕೆಲಸಕ್ಕೆ ಬರುತ್ತೆ? ಕ್ರ್ಯಾಂಕ್ ಬೇರಿಂಗಿನಲ್ಲಿ ಅದರ ಅಗತ್ಯ ಕಡಿಮೆ, ಓಡುವಾಗ ಪಿನ್ನು ಎಣ್ಣೆಯ ಮೇಲೆ ತೇಲುತ್ತಿರುತ್ತೆ. ಬೇಕಾದದ್ದು ವಾಲ್ವು ತೆರೆಯುವ ಕ್ಯಾಮ್ ಮತ್ತು ಟ್ಯಾಪೆಟ್ ಉಜ್ಜುವ ಕಡೆ, ಮತ್ತೆ ಲೈನರಿನ ತಲೆಯಲ್ಲಿ. ನಿಮಿಷಕ್ಕೆ 2000 ಸುತ್ತು ಓಡುವ ಎಂಜಿನ್ನಿನಲ್ಲಿ ಪಿಸ್ಟನ್ನು 2000 ಸಲ ಮೇಲಕ್ಕೆ ಹೋಗಿ, ಒಂದು ಚೂರು ನಿಂತು, ಕೆಳಗಿಳಿಯುತ್ತೆ. ಆ ನಿಂತ ಗಳಿಗೆಯಲ್ಲಿ ರಿಂಗಿನ ಕೆಳಗಿನ ಎಣ್ಣೆ ಪದರ ತೆಳುವಾಗುತ್ತೆ. ಅದಕ್ಕೇ ಸವೆದ ಲೈನರಿನ ಮೇಲ್ತುದಿಯಲ್ಲಿ ಉಗುರು ಆಡಿಸಿದರೆ ಒಂದು ಏಣು ಸಿಗುತ್ತೆ. ಆ ಏಣಿನ ಕೆಳಗೆ ಸವೆತ ಹೆಚ್ಚು, ಕೆಳಗೆ ಹೋದ ಹಾಗೆ ಕಡಿಮೆ. ಜಾಹೀರಾತಿನವರು ಬೆಳಿಗ್ಗೆ ಒಂದು ಸಲದ ಸ್ಟಾರ್ಟಿಂಗ್ ತೋರಿಸುತ್ತಾರೆ. ಲೈನರಿನ ತಲೆಗೆ ಆ ಬೆಳಗು ನಿಮಿಷಕ್ಕೆ 2000 ಸಲ ಆಗುತ್ತೆ.

ಅಲ್ಲಿ ಕಾಯುವವರು ಎಸ್ಟರ್ ಒಂದೇ ಅಲ್ಲ. 1940ರ ದಶಕದಿಂದ ಹೆಚ್ಚುಕಡಿಮೆ ಎಲ್ಲ ಎಂಜಿನ್ ಆಯಿಲಿನಲ್ಲೂ ಬಳಕೆಗೆ ಬಂದ ಜಿಂಕ್ ಡೈಥಯೋಫಾಸ್ಫೇಟ್ ಅನ್ನುವ ಮದ್ದು ಇದೆ. ಅದು ಬಿಸಿ ಮತ್ತು ಒತ್ತಡ ಸಿಕ್ಕಾಗ ಲೋಹದ ಮೇಲೆ ಗಟ್ಟಿ ಪದರವಾಗಿ ಕೂರುತ್ತೆ. ಇದನ್ನು ನನ್ನ ಹೆಂಡತಿಗೆ ಹೇಳಿದಾಗ "ಕಾವಲಿ ಪಳಗಿದ ಹಾಗೆ ಅನ್ನಿ" ಅಂದಳು. ಅಷ್ಟೇ. ಹೊಸ ಕಬ್ಬಿಣದ ಕಾವಲಿಗೆ ಎಷ್ಟು ಎಣ್ಣೆ ಸುರಿದರೂ ದೋಸೆ ಏಳುವುದಿಲ್ಲ. ಈರುಳ್ಳಿ ಹೋಳಿನಲ್ಲಿ ಎಣ್ಣೆ ಸವರಿ ಸವರಿ ಕಾಯಿಸಿದ ಮೇಲೆ, ಒಂದು ತೊಟ್ಟಿಗೂ ಎದ್ದು ಬರುತ್ತೆ. ಅಂಗಡಿಯ ಒಳ್ಳೆ ಆಯಿಲಿನಲ್ಲಿ ಈ ಮದ್ದು ಅಳತೆಗೆ ತಕ್ಕಂತೆ ಇದ್ದೇ ಇರುತ್ತೆ. ಅದರ ಮೇಲೆ ನೀವು ಬೇರೆ ಬಾಟ್ಲಿ ತಂದು 'ಅಂಟುವ' ದ್ರಾವಣ ಸುರಿದರೆ, ಅದು ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆದ ಹಾಗೆ. ಲೋಹದ ಮೇಲಿರುವ ಜಾಗ ಇಷ್ಟೇ, ಹೊಸಬ ಕೂತರೆ ಜಿಂಕು ನಿಲ್ಲಬೇಕಾಗಬಹುದು. ಅದಕ್ಕೇ ನಾನು ಯಾರಿಗೂ ಬಾಟ್ಲಿ ಹಾಕಿಸಿ ಅನ್ನುವುದಿಲ್ಲ. ಕಂಪನಿಯೇ ಲೆಕ್ಕ ಹಾಕಿ ಎಸ್ಟರ್ ಬೆರೆಸಿ ಕೊಟ್ಟ ಆಯಿಲ್ ಬೇರೆ ವಿಷಯ, ಗಾಡಿಯ ಪುಸ್ತಕದಲ್ಲಿ ಹೇಳಿದ ದರ್ಜೆಗೆ ಸರಿಹೊಂದಿದ್ದರೆ ಹಾಕಿಸಿ, ನಷ್ಟವಿಲ್ಲ.

ಲೇಖನದಲ್ಲಿ 'ಶೇ 75ರಷ್ಟು ಸವೆತ ಸ್ಟಾರ್ಟ್ ಮಾಡುವಾಗ' ಅಂತಿದೆ. ಮ್ಯಾಗ್ನಾಟೆಕ್ ಜಾಹೀರಾತಿನ ಮಾತು 'ಶೇ 75ರವರೆಗೆ', ಅದೂ 'ಎಂಜಿನ್ ಬಿಸಿಯಾಗುವವರೆಗಿನ ಹೊತ್ತಿನಲ್ಲಿ' ಅಂತ. ಕೀ ತಿರುಗಿಸುವ ಎರಡು ಸೆಕೆಂಡೇ ಬೇರೆ, ಎಂಜಿನ್ ಬಿಸಿಯಾಗಲು ಬೇಕಾದ ಹತ್ತು ಹದಿನೈದು ನಿಮಿಷವೇ ಬೇರೆ. ಆ ಹೊತ್ತಿನಲ್ಲಿ ಜಿಂಕಿನ ಮದ್ದು ಇನ್ನೂ ಎದ್ದಿರುವುದಿಲ್ಲ, ಉರಿಯದ ಪೆಟ್ರೋಲು ಗೋಡೆಯ ಎಣ್ಣೆಯನ್ನು ತೊಳೆಯುತ್ತೆ, ನೀರಾವಿ ತಣ್ಣಗಿನ ಲೋಹದ ಮೇಲೆ ಹನಿಗಟ್ಟುತ್ತೆ. ಮನೆಯಿಂದ ಅಂಗಡಿಗೆ, ಅಂಗಡಿಯಿಂದ ಮನೆಗೆ ಅಂತ ಒಂದೂವರೆ ಕಿಲೋಮೀಟರ್ ಓಡುವ ಕಾರುಗಳ ಆಯಿಲ್ ಮುಚ್ಚಳ ಮಳೆಗಾಲದಲ್ಲಿ ಬಿಚ್ಚಿ ನೋಡಿ, ಹಾಲು ಜಾಸ್ತಿಯಾದ ಕಾಫಿ ಬಣ್ಣದ ಲೋಳೆ ಮೆತ್ತಿರುತ್ತೆ. ಇದಕ್ಕೆ ಮದ್ದು ವಾರಕ್ಕೊಮ್ಮೆ ಬೇಲೂರಿನವರೆಗೆ ಹೋಗಿ ಬರುವುದು. ಚೆನ್ನಕೇಶವನ ದರ್ಶನವೂ ಆಗುತ್ತೆ.

ಚಳಿಗೆ ಆಯಿಲ್ ಗಟ್ಟಿಯಾಗುತ್ತೆ ಅನ್ನುವ ಲೆಕ್ಕವೂ ನಮಗೆ ಹೊಂದುವುದಿಲ್ಲ. ಡಬ್ಬದ ಮೇಲೆ ಡಬ್ಲ್ಯೂ ಜೊತೆಗಿರುವ ಅಂಕಿ ಚಳಿಯ ದರ್ಜೆ. 15ಡಬ್ಲ್ಯೂ ಆಯಿಲನ್ನು ಪರೀಕ್ಷೆ ಮಾಡುವುದು ಸೊನ್ನೆಗಿಂತ 20 ಡಿಗ್ರಿ ಕೆಳಗೆ, 5ಡಬ್ಲ್ಯೂ ಅನ್ನು 30 ಡಿಗ್ರಿ ಕೆಳಗೆ. ಹಾಸನದಲ್ಲಿ ಡಿಸೆಂಬರಿನಲ್ಲಿ ಮಫ್ಲರ್ ಸುತ್ತಿಕೊಂಡು ನಡುಗುತ್ತೇವೆ, ನಿಜ. ಆದರೆ ನಮ್ಮ ನಡುಕಕ್ಕೆ ಆಯಿಲ್ ಕೇರ್ ಮಾಡುವುದಿಲ್ಲ.

ನನ್ನದೂ ಒಂದು ಪೆದ್ದುತನ ಇದೆ, ಹೇಳಿಬಿಡುತ್ತೇನೆ. ಗಿರಾಕಿಯೊಬ್ಬರು ಉಳಿಸಿ ಹೋದ ಅರ್ಧ ಡಬ್ಬ ಕಾರಿನ ಆಯಿಲ್, ಇಂಥದ್ದೇ ದುಬಾರಿಯದ್ದು, ಎಸೆಯಲು ಮನಸ್ಸು ಬಾರದೆ ನನ್ನ ಬೈಕಿಗೆ ಹಾಕಿದೆ. ಆ ವಾರ ಚಿಕ್ಕಮಗಳೂರಿಗೆ ಹೋದವನು ಕೈಮರ ದಾಟಿ ಏರು ಹತ್ತುವಾಗ ಎಂಜಿನ್ ಕೂಗುತ್ತೆ, ಬೈಕು ಮಾತ್ರ ಮುಂದೆ ಹೋಗಲ್ಲ. ಹಿಂದೆ ಕೂತಿದ್ದ ಮಗಳು ಇಳಿದು ನಡೆದಳು. ಬೈಕಿನಲ್ಲಿ ಕ್ಲಚ್ ಪ್ಲೇಟು ಅದೇ ಆಯಿಲಿನಲ್ಲಿ ಮುಳುಗಿರುತ್ತೆ, ಉಜ್ಜಾಟ ಕಡಿಮೆ ಮಾಡುವ ಮದ್ದು ಅದಕ್ಕೂ ತಾಗಿತು. ಬೈಕಿಗೆ ಡಬ್ಬದ ಮೇಲೆ 'ಜಾಸೊ ಎಂಎ' ಅಂತ, ಹೀಗೆ ಮುಳುಗಿದ ಕ್ಲಚ್ಚಿಗೆ ಹೊಂದುವ ದರ್ಜೆಯ ಗುರುತು ಇರಬೇಕು. ಇಷ್ಟು ವರ್ಷ ಬೇರೆಯವರಿಗೆ ಹೇಳಿದ್ದನ್ನು ನಾನೇ ಮರೆತಿದ್ದೆ. ಮಗಳು ಈಗಲೂ ಬೈಕ್ ಹತ್ತುವ ಮುಂಚೆ "ಅಪ್ಪ, ಯಾವ ಆಯಿಲ್?" ಅಂತಾಳೆ.

ಇನ್ನು ಆಲೂರಿನವರ ಪಿಕಪ್ಪು. ಅವರ ಲೈನರುಗಳಲ್ಲಿ ನನ್ನಂಥವನು ಯಾರೋ ಹೊಡೆದ ಓರೆ ಗೆರೆಗಳು ಮೇಲರ್ಧದಲ್ಲಿ ಪೂರ್ತಿ ಅಳಿಸಿ, ಬದಲಿಗೆ ಉದ್ದುದ್ದ ಗೀರುಗಳಿದ್ದವು. ಆಯಿಲ್ ಕೊರತೆಯಾದರೆ ಮೊದಲು ಬೇರಿಂಗ್ ಕೂಗಬೇಕಿತ್ತು, ಇವರ ಕ್ರ್ಯಾಂಕು ಚೆನ್ನಾಗೇ ಇತ್ತು, ಶೆಲ್ಲುಗಳಲ್ಲಿ ಮಾತ್ರ ಸಣ್ಣ ಸಣ್ಣ ಕಣ ಹುದುಗಿದ್ದವು. "ಏರ್ ಫಿಲ್ಟರ್ ಡಬ್ಬ ತನ್ನಿ" ಅಂದೆ. ಮಾರನೇ ದಿನ ತಂದರು. ಎರಡು ಕ್ಲಿಪ್ಪು ಮುರಿದು, ಹಳೇ ಟ್ಯೂಬಿನ ಪಟ್ಟಿ ಕಟ್ಟಿದ್ದರು. ಒಳಗಿನ ಕಾಗದದ ಫಿಲ್ಟರಿನ ಒಂದು ಮೂಲೆಯಲ್ಲಿ ಇಲಿ ಗೂಡಿಗೆ ಕಡಿದ ತೂತು, ನನ್ನ ಕಿರುಬೆರಳು ಆರಾಮಾಗಿ ಹೋಗುತ್ತಿತ್ತು. ಎಂಜಿನ್ ಕಡೆಯ ಹೋಸಿನೊಳಗೆ ಬೆರಳು ಒರೆಸಿದರೆ ಕೆಂಪು ಮಣ್ಣು. ಸಕಲೇಶಪುರದ ಹೆದ್ದಾರಿ ಕಾಮಗಾರಿ ಹೊತ್ತಿನ ಧೂಳು ಸ್ವಲ್ಪ, ತೋಟದ ರಸ್ತೆಯದು ಸ್ವಲ್ಪ. ಮಣ್ಣಿನಲ್ಲಿರುವ ಮರಳಿನ ಕಣ ಲೈನರಿನ ಕಬ್ಬಿಣಕ್ಕಿಂತ ಗಟ್ಟಿ. ಅಂಟುವ ಆಯಿಲ್ ಇದ್ದಿದ್ದರೆ ಆ ಮಣ್ಣೂ ಅದಕ್ಕೇ ಅಂಟುತ್ತಿತ್ತು.

ಫಿಲ್ಟರ್ ಬದಲಿಸಿದ್ದರೆ ಕೆಲವು ನೂರು ರೂಪಾಯಿ. ಅವರು ಸುಮ್ಮನೆ ಆ ತೂತನ್ನೇ ನೋಡುತ್ತಾ ನಿಂತರು. ಆಮೇಲೆ "ಈಗ ಆಯಿಲ್ ಯಾವುದು ಹಾಕ್ಸ್ಲಿ ಹೇಳಿ" ಅಂದರು. ಗಾಡಿ ಪುಸ್ತಕದಲ್ಲಿ ಬರೆದಿರುವ ದರ್ಜೆಯದ್ದು, ಬಿಲ್ಲು ಕೊಡುವ ಅಂಗಡಿಯಲ್ಲಿ ತಗೊಳ್ಳಿ ಅಂದೆ. ಖಾಲಿ ಡಬ್ಬಗಳನ್ನು ಗುಜರಿಯಿಂದ ಕೊಂಡು ಸುಟ್ಟ ಆಯಿಲ್ ಸೋಸಿ ತುಂಬಿ ಮಾರುವವರೂ ಇದ್ದಾರೆ, ಅದಕ್ಕೇ ನಮ್ಮಲ್ಲಿ ಖಾಲಿಯಾದ ಡಬ್ಬಕ್ಕೆ ಮೊದಲು ಸ್ಕ್ರೂಡ್ರೈವರಿನಲ್ಲಿ ಎರಡು ತೂತು ಹೊಡೆಯುತ್ತೇವೆ. ವಾರಕ್ಕೊಮ್ಮೆ ಸಮತಟ್ಟು ಜಾಗದಲ್ಲಿ ಗಾಡಿ ನಿಲ್ಲಿಸಿ ಡಿಪ್‌ಸ್ಟಿಕ್ ಎಳೆದು ನೋಡಿ ಅಂತಲೂ ಹೇಳಿದೆ.

ಸಂಪಾದಕರೇ, ಆ ಲೇಖನದ ಕೊನೆಯಲ್ಲಿ ಡಬ್ಬದ ಫೋಟೋ, ಅದರ ಪಕ್ಕದಲ್ಲಿ ದರ ಇತ್ತು. ಅದು ಜಾಹೀರಾತಾಗಿದ್ದರೆ ಮೇಲೆ ಸಣ್ಣ ಅಕ್ಷರದಲ್ಲಾದರೂ ಹಾಗಂತ ಹಾಕಿ. ಲೇಖನವೇ ಆಗಿದ್ದರೆ ಬರೆದವರನ್ನು ಒಂದು ದಿನ ನಮ್ಮ ಶೆಡ್ಡಿಗೆ ಕಳಿಸಿಕೊಡಿ. ಏಣು ಎದ್ದ ಒಂದು ಲೈನರು, ಹೊಸದಾಗಿ ಹೋನ್ ಮಾಡಿದ ಒಂದು ಲೈನರು, ಎರಡನ್ನೂ ಅಕ್ಕಪಕ್ಕ ಇಟ್ಟಿದ್ದೇನೆ. ಬುಧವಾರ ಬೇಡ, ಅವತ್ತು ಕರೆಂಟ್ ಇರುವುದಿಲ್ಲ.

ಹಾಗೇ ಭಾನುವಾರದ ಪತ್ರಿಕೆಯ ಇನ್ನೊಂದು ಪ್ರತಿ ಉಳಿದಿದ್ದರೆ ಕೊಡಿಸಿ. ಗೀಟು ಹಾಕಿದ ಆ ತುಂಡಿನಲ್ಲೇ ಆಲೂರಿನವರು ಹಳೇ ಬೇರಿಂಗ್ ಶೆಲ್ಲುಗಳನ್ನು ಸುತ್ತಿಕೊಂಡು ಮನೆಯವರಿಗೆ ತೋರಿಸಬೇಕು ಅಂತ ಒಯ್ದರು. ಅವರು ಹೋದ ಮೇಲೆ ಇನ್ನೂ ಮೂರು ಜನ ಬಂದು ಅದೇ ಲೇಖನದ ಬಗ್ಗೆ ಕೇಳಿದ್ದಾರೆ.

ಇಂತಿ,
ಒಬ್ಬ ಬೋರಿಂಗ್ ಮೇಸ್ತ್ರಿ, ಹಾಸನ